ಗೋಲು ಹೊಡೆಯುವ ಕಾಲು, ಗುಂಡು ಎತ್ತುವ ಬೆನ್ನು

ಈ ವಾರ ಗಾಂಧಿನಗರದ ಸುದ್ದಿಗೆ ರಜೆ. ಯಾರ ಮುಹೂರ್ತಕ್ಕೆ ಯಾರು ಬರಲಿಲ್ಲ, ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿದಳು ಎಂಬುದನ್ನೆಲ್ಲ ಗಂಟು ಕಟ್ಟಿ ಮುಂದಿನ ವಾರಕ್ಕೆ ಇಟ್ಟಿದ್ದೇನೆ. ದಸರೆಗೆಂದು ನಮ್ಮೂರು ಬೀರೂರಿಗೆ ಹೋದವನು ಅಲ್ಲಿ ಒಂದು ಪಂಚಾಯ್ತಿಯಲ್ಲಿ ಸಿಕ್ಕಿಹಾಕಿಕೊಂಡೆ. ಅದರ ಕಥೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ!

ಬೀರೂರು ಗೊತ್ತಲ್ಲ? ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ, ಶಿವಮೊಗ್ಗ-ತಾಳಗುಪ್ಪದ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ನು. ದಸರೆ ಸಮಯದಲ್ಲಿ ಮಹಾನವಮಿ ಬಯಲಿನಲ್ಲಿ ಮೈಲಾರಲಿಂಗನ ಕಾರ್ಣಿಕ ಕೇಳಲು ಸುತ್ತಮುತ್ತಲ ಹಳ್ಳಿ ಜನ ನೆರೆಯುವ ಊರು. ಆ ಗಡಿಬಿಡಿಯಲ್ಲಿ ಬಸ್ ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ನಾನು ದೋಸೆಗೆ ಕಾಯುತ್ತ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಏಳೆಂಟು ಹುಡುಗರ ಗಲಾಟೆ. ನಡುವೆ ಕೂತವನು ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮಗ!

ಇವನ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ವಯಸ್ಸು 21. ತೂಕ 68 ಕಿಲೋ. ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಆಡುತ್ತಾನೆ. ತಿಂಗಳಿಗೆ ಅಷ್ಟೋ ಇಷ್ಟೋ ಕಾಸು ಕೊಡುತ್ತಾರೆ. ಹಾಗಾಗಿ ಊರ ಹುಡುಗರ ಲೆಕ್ಕದಲ್ಲಿ ಅವನು ‘ಪ್ರೊಫೆಷನಲ್ಲು’. ಮುಂದಿನ ತಿಂಗಳು ಇನ್ನೂ ದೊಡ್ಡದೊಂದು ತಂಡದವರು ಆಯ್ಕೆಗೆ ಕರೆದಿದ್ದಾರೆ. ಅದು ಆದರೆ ಅವನ ಬದುಕು ದಡ ಸೇರಿದ ಹಾಗೆ. ಅವನ ಅಮ್ಮ ಅದಕ್ಕಾಗಿ ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಾಳೆ.

"ಮಾವ, ನೀವೇ ಹೇಳಿ ಮಾವ" ಎಂದು ಆಸಾಮಿ ಎದ್ದು ಬಂದ. "ಫುಟ್‌ಬಾಲ್ ಆಡೋರಿಗೆ ಗುಂಡು ಎತ್ತೋಕೆ ಆಗಲ್ವಂತೆ. ಇವರ ಮಾತು ಕೇಳಿ!"

ವಿಷಯ ಇಷ್ಟೇ. ಹತ್ತಿರದ ಹಳ್ಳಿಯೊಂದರ ಗುಡಿ ಮುಂದೆ ಒಂದು ದುಂಡು ಕಲ್ಲು ಬಿದ್ದಿದೆ. ತಕ್ಕಡಿಗೆ ಹಾಕಿದವರಿಲ್ಲ. ಪಲ್ಲದ ಮೂಟೆಗಿಂತ ಭಾರ ಅಂತ ಹಿರಿಯರ ಅಂದಾಜು. ಹುಡುಗರೆಲ್ಲ ಮೊಬೈಲಿನಲ್ಲಿ ಫಾರಿನ್ ಜಟ್ಟಿಗಳು ಕಲ್ಲು ಎತ್ತುವುದನ್ನು ನೋಡಿದ್ದಾರೆ. ನಮ್ಮ ಹೀರೋ "ಅದೇನು ಮಹಾ, ದಿನಾ ಹತ್ತು ಕಿಲೋಮೀಟರ್ ಓಡೋ ಕಾಲು ಇದು" ಅಂದಿದ್ದಾನೆ. ಸೈಕಲ್ ಶಾಪಿನ ಹುಡುಗ "ಎತ್ತಿ ತೋರ್ಸು, ಎಲ್ರಿಗೂ ಬಿರಿಯಾನಿ ನಂದು" ಅಂದಿದ್ದಾನೆ. ಬಾಜಿ ಬಿತ್ತು. ನಾಳೆ ಬೆಳಗ್ಗೆ ಎತ್ತಬೇಕು. ಸಿನಿಮಾ ಪೇಪರಿನವನಾದ್ದರಿಂದ ತೀರ್ಪು ನನ್ನದು. ಪರದೆಯ ಮೇಲೆ ಬಂಡೆ ಎತ್ತಿದವರನ್ನೆಲ್ಲ ನಾನು ಹತ್ತಿರದಿಂದ ನೋಡಿದ್ದೇನಲ್ಲ!

ಸಿನಿಮಾ ಬಂಡೆಯ ತೂಕ

ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ನಗು ಬಂತು. ಬಹಳ ವರ್ಷದ ಹಿಂದಿನ ಮಾತು. ಒಂದು ಪೌರಾಣಿಕ ಚಿತ್ರದ ಶೂಟಿಂಗ್ ನೋಡಲು ಹೋಗಿದ್ದೆ. ನಾಯಕರು ಎರಡೂ ಕೈಯಲ್ಲಿ ಹೆಬ್ಬಂಡೆ ಎತ್ತಿ ರಾಕ್ಷಸನ ಮೇಲೆ ಎಸೆಯಬೇಕು. ಮುಖದಲ್ಲಿ ಎಂಥ ಶ್ರಮ! ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿದೆ. ಡೈರೆಕ್ಟರು ‘ಕಟ್’ ಅಂದರು. ಅಷ್ಟರಲ್ಲಿ ಗಾಳಿ ಬೀಸಿತು. ಬಂಡೆ ಉರುಳುರುಳಿ ಊಟದ ವ್ಯಾನಿನ ಕೆಳಗೆ ಸೇರಿಕೊಂಡಿತು! ಥರ್ಮೋಕೋಲಿಗೆ ಬಣ್ಣ ಬಳಿದದ್ದು. ಲೈಟ್ ಬಾಯ್ ಒಬ್ಬ ಅದನ್ನು ಒಂದೇ ಕೈಯಲ್ಲಿ ಎತ್ತಿ ತಂದ. ಅವನ ಇನ್ನೊಂದು ಕೈಯಲ್ಲಿದ್ದ ಲೈಟಿನ ಸ್ಟ್ಯಾಂಡೇ ನಿಜವಾದ ಭಾರ. ಆ ದಿನ ಆ ಸೆಟ್ಟಿನಲ್ಲಿ ಅತಿ ಹೆಚ್ಚು ತೂಕ ಹೊತ್ತವನ ಫೋಟೋ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನನ್ನ ಅಂಕಣದಲ್ಲೂ ಬರಲಿಲ್ಲ, ತಪ್ಪು ನನ್ನದೇ.

ಹಾಗಂತ ನಮ್ಮ ಚಿತ್ರರಂಗದಲ್ಲಿ ನಿಜವಾದ ಜಟ್ಟಿಗಳೇ ಇರಲಿಲ್ಲ ಅಂದುಕೊಳ್ಳಬೇಡಿ. ಎಂ.ಪಿ.ಶಂಕರ್ ಇದ್ದರಲ್ಲ! ಮೈಸೂರಿನ ಗರಡಿಯ ಮಣ್ಣು ಮೈಗೆ ಮೆತ್ತಿಕೊಂಡು ಬೆಳೆದ ಪೈಲ್ವಾನರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ವೀರಬಾಹುವಾಗಿ ಅವರು ಕುಣಿದಾಗ ಗಾಂಧಿ ಕ್ಲಾಸಿನಲ್ಲಿ ಬಿದ್ದ ಶಿಳ್ಳೆಯನ್ನು ಹಳಬರು ಇನ್ನೂ ಮರೆತಿಲ್ಲ. 1973ರಲ್ಲಿ ‘ಗಂಧದ ಗುಡಿ’ ನಿರ್ಮಿಸಿದವರೂ ಅವರೇ. 2008ರಲ್ಲಿ ತೀರಿಕೊಂಡರು. ಅವರ ಎದೆ, ತೋಳು ಮೇಕಪ್ಪಿನಿಂದ ಬಂದದ್ದಲ್ಲ. ಆದರೆ ಗರಡಿಯ ಕಸುಬು ಬೇರೆ, ಕ್ಯಾಮರಾದ ಕಸುಬು ಬೇರೆ. ಎರಡನ್ನೂ ಪಳಗಿಸಿಕೊಂಡವರು ಬೆರಳೆಣಿಕೆ ಮಂದಿ. ಅವರೂ ಎರಡನೆಯದನ್ನು ಅ ಆ ಇ ಈಯಿಂದಲೇ ಕಲಿತರು.

ಬೆಂಗಳೂರಿನ ಕೆ.ವಿ.ಅಯ್ಯರ್ ಅವರ ಹೆಸರು ಕೇಳಿದ್ದೀರಾ? ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು. ಅವರೇ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿ, ತಲೆಮಾರುಗಳ ಹುಡುಗರಿಗೆ ಮೈ ಕಟ್ಟುವುದನ್ನು ಕಲಿಸಿದ ವ್ಯಾಯಾಮಾಚಾರ್ಯರು. ಆ ಶಿಸ್ತು ಅಂಗಸೌಷ್ಠವದ್ದು, ಆರೋಗ್ಯದ್ದು. ಗುಂಡು ಎತ್ತುವ ಶಿಸ್ತು ಬೇರೆ. ಕುಸ್ತಿಯ ಶಿಸ್ತು ಇನ್ನೊಂದು. ಎಲ್ಲಕ್ಕೂ ‘ಶಕ್ತಿ’ ಎಂಬ ಒಂದೇ ಪದ ಬಳಸುತ್ತೇವೆ ನೋಡಿ, ಯಡವಟ್ಟು ಶುರುವಾಗುವುದೇ ಅಲ್ಲಿ.

ಸ್ಟುಡಿಯೋದಲ್ಲಿ ಹುಟ್ಟಿದ ಸ್ಪರ್ಧೆ

"ಅದೆಲ್ಲ ಇರಲಿ ಮಾವ. ಫುಟ್‌ಬಾಲಿನವರು ಯಾವತ್ತಾದರೂ ಇಂಥ ಸ್ಪರ್ಧೆಗೆ ಹೋಗಿದ್ದಾರಾ?" ಅಂದ ಅಳಿಯ.

ಹೋಗಿದ್ದಾರೆ! ಹುಡುಗರು ಮೊಬೈಲಿನಲ್ಲಿ ನೋಡುವ ‘ಜಗತ್ತಿನ ಅತಿ ಬಲಶಾಲಿ’ ಸ್ಪರ್ಧೆ ಎಲ್ಲಿ ಹುಟ್ಟಿತು ಗೊತ್ತೇ? ಯಾವ ಗರಡಿಯಲ್ಲೂ ಅಲ್ಲ, ಸಿನಿಮಾ ಸ್ಟುಡಿಯೋದಲ್ಲಿ! 1977ರಲ್ಲಿ ಅಮೆರಿಕದ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ, ಟಿ.ವಿ.ಯವರಿಗೆ ಒಂದು ತಮಾಷೆ ಬೇಕಿತ್ತು ಅಂತ ನಡೆಸಿದ್ದು. ‘ಯಾರಯ್ಯಾ ನಿಜವಾದ ಗಂಡು’ ಅಂತ ಬೇರೆ ಬೇರೆ ಆಟದವರನ್ನು ಒಂದೇ ಕಣಕ್ಕೆ ಇಳಿಸಿದರು. ತೂಕ ಎತ್ತುವವರು, ಗುಂಡು ಎಸೆಯುವವರು, ಕುಸ್ತಿಯವರು, ಮೈಕಟ್ಟು ಪ್ರದರ್ಶಿಸುವವರು, ಜೊತೆಗೆ ಫುಟ್‌ಬಾಲಿನವರು. ಕೊಟ್ಟ ಕೆಲಸಗಳೋ, ನಮ್ಮ ಜಾತ್ರೆಯ ಸರ್ಕಸ್ಸನ್ನೂ ಮೀರಿಸುವಂಥವು: ಕಬ್ಬಿಣದ ಸಲಾಕೆ ಬಗ್ಗಿಸುವುದು, ಟೈರು ಎಸೆಯುವುದು, ಕಾರು ಎತ್ತುವುದು, ಬೆನ್ನಿಗೆ ರೆಫ್ರಿಜರೇಟರ್ ಕಟ್ಟಿಕೊಂಡು ಓಡುವುದು!

ಗೆದ್ದವನು ಬ್ರೂಸ್ ವಿಲ್‌ಹೆಲ್ಮ್. ಭಾರ ಎತ್ತುವುದರಲ್ಲಿ ಒಲಿಂಪಿಕ್ಸ್ ಕಂಡವನು, ಗುಂಡು ಎಸೆತದಲ್ಲೂ ಪಳಗಿದವನು. ಎರಡನೆಯ ಸ್ಥಾನ ಯಾರಿಗೆ? ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬಾಬ್ ಯಂಗ್‌ಗೆ, ಫುಟ್‌ಬಾಲ್ ಆಟಗಾರನಿಗೆ! ಮೂರನೆಯವನು ಕುಸ್ತಿಯ ಕೆನ್ ಪಟೇರಾ. ನಾಲ್ಕನೆಯವನು ಯಾರೆಂದರೆ ನೀವು ಕುರ್ಚಿಯಿಂದ ಏಳುತ್ತೀರಿ. ಹಸಿರು ಬಣ್ಣ ಬಳಿದುಕೊಂಡು ‘ಹಲ್ಕ್’ ಆಗಿ ಟಿ.ವಿ.ಯಲ್ಲಿ ಅಬ್ಬರಿಸಿದ ಲೂ ಫೆರಿಗ್ನೊ! ಪರದೆಯ ಮೇಲೆ ಟ್ರಕ್ಕು ಮಗುಚುವವನು ಕಣದಲ್ಲಿ ಫುಟ್‌ಬಾಲಿನವನಿಗಿಂತ ಹಿಂದೆ ಬಿದ್ದ. ಇನ್ನೊಬ್ಬ ಪ್ರಸಿದ್ಧ ಮೈಕಟ್ಟಿನವ, ಅರ್ನಾಲ್ಡ್ ಶ್ವಾರ್ಜೆನೆಗರ್ ಅವರ ಗೆಳೆಯ ಫ್ರಾಂಕೋ ಕೊಲಂಬು. ಆ ರೆಫ್ರಿಜರೇಟರ್ ಓಟದಲ್ಲಿ ಅವನ ಕಾಲು ಉಳುಕಲಿಲ್ಲ, ಮೊಣಕಾಲೇ ಕೀಲು ತಪ್ಪಿಹೋಯಿತು. ಅದಕ್ಕೂ ಹಿಂದಿನ ವರ್ಷವಷ್ಟೇ ಅವನು ‘ಮಿಸ್ಟರ್ ಒಲಿಂಪಿಯಾ’ ಕಿರೀಟ ತೊಟ್ಟಿದ್ದ.

ಮುಂದೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಜಾನ್ ಕೋಲ್ಬ್ ಕೂಡ ಈ ಸ್ಪರ್ಧೆಗೆ ಬಂದ. 1980ರಿಂದ 1982ರವರೆಗೆ ಸತತ ಮೂರು ವರ್ಷ ಗೆದ್ದ ಬಿಲ್ ಕಾಜ್ಮೇಯರ್ ಕೂಡ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ.

"ನೋಡ್ರೋ!" ಎಂದು ಅಳಿಯ ಮೇಜು ಕುಟ್ಟಿದ. ಕಾಫಿ ಲೋಟಗಳೆಲ್ಲ ಹಾರಿದವು.

"ತಡಿಯೋ ಮಹರಾಯ, ಇನ್ನೂ ಇಂಟರ್‌ವಲ್ ಆಗಿಲ್ಲ" ಅಂದೆ.

ಹೆಸರು ಒಂದೇ, ಆಟ ಬೇರೆ

ಇಲ್ಲೇ ಇರುವುದು ಮೋಸ, ಓದುಗರೇ. ಅಮೆರಿಕದವರು ‘ಫುಟ್‌ಬಾಲ್’ ಎನ್ನುವುದು ನಮ್ಮ ಫುಟ್‌ಬಾಲ್ ಅಲ್ಲ. ಅದರಲ್ಲಿ ಕಾಲಿನ ಕೆಲಸ ಕಡಿಮೆ, ಗುದ್ದಾಟ ಹೆಚ್ಚು. ತಲೆಗೆ ಟೋಪಿ, ಹೆಗಲಿಗೆ ದಿಂಬು ಕಟ್ಟಿಕೊಂಡು ಟಗರುಗಳ ಹಾಗೆ ಎದುರುಬದುರು ನಿಲ್ಲುತ್ತಾರೆ. ಚೆಂಡು ಆಟಕ್ಕೆ ಬಿದ್ದ ಕೂಡಲೇ ಡಿಕ್ಕಿ. ನಾಲ್ಕಾರು ಸೆಕೆಂಡು ಮೈಯ ಬಲವನ್ನೆಲ್ಲ ಸುರಿದು ಎದುರಾಳಿಯನ್ನು ತಳ್ಳಬೇಕು. ಆಮೇಲೆ ನಿಂತು ಉಸಿರು ತೆಗೆದುಕೊಳ್ಳಬಹುದು. ಬಾಬ್ ಯಂಗ್, ಜಾನ್ ಕೋಲ್ಬ್ ಇಬ್ಬರೂ ಆ ಮುಂಚೂಣಿಯ ಸಾಲಿನವರು. ಚೆಂಡು ಹಿಡಿದು ಓಡುವುದು ಅವರ ಕೆಲಸವಲ್ಲ. ಗೋಡೆಯ ಹಾಗೆ ನಿಲ್ಲುವುದು, ಇಲ್ಲವೇ ಗೋಡೆ ಕೆಡವುವುದು. ಈಗ ಆ ಸಾಲಿನಲ್ಲಿ ನೂರಮೂವತ್ತು, ನೂರನಲವತ್ತು ಕಿಲೋ ತೂಗುವವರು ಸಾಮಾನ್ಯ. ವರ್ಷವಿಡೀ ಕಬ್ಬಿಣ ಎತ್ತಿ ಬೆಳೆಸಿದ ಮೈ. ಅಂಥವರು ಬಲಶಾಲಿಗಳ ಕಣಕ್ಕೆ ಹೋದರೆ ಅರ್ಧ ಪಾಠ ಮೊದಲೇ ಓದಿಕೊಂಡು ಪರೀಕ್ಷೆಗೆ ಹೋದ ಹಾಗೆ. ಅಷ್ಟಾದರೂ ಮೊದಲ ಸ್ಥಾನ ಬಂದದ್ದು ಭಾರ ಎತ್ತುವವನಿಗೇ, ಫುಟ್‌ಬಾಲಿನವನಿಗಲ್ಲ.

ನಮ್ಮ ಫುಟ್‌ಬಾಲ್ ಕಥೆ ಬೇರೆ. 1948ರ ಲಂಡನ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಸ್ವತಂತ್ರ ಭಾರತದ ತಂಡದಲ್ಲಿ ಬಹುಪಾಲು ಮಂದಿ ಬರಿಗಾಲಿನಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 2-1ರಿಂದ ಸೋತರೂ ನಮ್ಮ ಕಡೆಯ ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಚೆಂಡು ಅವರ ಪಾದಕ್ಕೆ ಅಂಟಿಕೊಂಡಿದೆಯೋ ಎಂಬಂತೆ ಆಡುತ್ತಿದ್ದ ಕಲಾವಿದರು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಕಾದು, 2023ರಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಟ್ರೋಫಿ ಎತ್ತಿತು. ಇವರಲ್ಲಿ ಯಾರ ಗೆಲುವೂ ಮೈತೂಕದ ಗೆಲುವಲ್ಲ.

ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬ ಆಟಗಾರ ಸುಮಾರು ಹತ್ತು ಕಿಲೋಮೀಟರ್ ಓಡುತ್ತಾನೆ. ಅದರಲ್ಲೂ ಒಂದೇ ಸಮನೆ ಓಟವಲ್ಲ. ನಡಿಗೆ, ಓಟ, ಮಿಂಚಿನ ಜಿಗಿತ, ಥಟ್ಟನೆ ತಿರುವು. ಇಂಥ ಮೈಗೆ ಒಂದೊಂದು ಕಿಲೋ ಹೆಚ್ಚಾದರೂ ಅದು ತಾನೇ ಹೊರಬೇಕಾದ ಮೂಟೆ. ಆದ್ದರಿಂದ ಅವನು ಮೈ ಇಳಿಸುತ್ತಾನೆ, ಜಟ್ಟಿ ಮೈ ಏರಿಸುತ್ತಾನೆ. ಐಸ್‌ಲ್ಯಾಂಡಿನ ಹಾಫ್‌ಥಾರ್ ಬ್ಯೋರ್ನ್‌ಸನ್ ಇದ್ದಾನಲ್ಲ, ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಬೆಟ್ಟದಂಥ ದಾಂಡಿಗನ ಪಾತ್ರ ಮಾಡಿದವನು. ಮೊದಲು ಬಾಸ್ಕೆಟ್‌ಬಾಲ್ ಆಡುತ್ತಿದ್ದ. ಆ ಆಟ ಬಿಟ್ಟು, ಕಬ್ಬಿಣಕ್ಕೆ ಶರಣಾಗಿ, ಸುಮಾರು 200 ಕಿಲೋ ಮೈ ಬೆಳೆಸಿ, 2018ರಲ್ಲಿ ಆ ಬಲಶಾಲಿ ಪಟ್ಟ ಗೆದ್ದ. 2020ರಲ್ಲಿ ನೆಲದಿಂದ 501 ಕಿಲೋ ಎತ್ತಿದ. ಗಮನಿಸಿ: ಆಡುತ್ತಿದ್ದಾಗ ಅಲ್ಲ, ಆಟ ಬಿಟ್ಟು ವರ್ಷಾನುಗಟ್ಟಲೆ ಆದ ಮೇಲೆ!

ಇಂಗ್ಲೆಂಡಿನಲ್ಲಿ ಅಕಿನ್‌ಫೆನ್ವ ಎಂಬ ಫುಟ್‌ಬಾಲ್ ಆಟಗಾರನಿದ್ದ. ನೂರು ಕಿಲೋಗೂ ಮೀರಿದ ಮೈಯವನು, 2022ರಲ್ಲಿ ನಿವೃತ್ತನಾದ. ‘ಫುಟ್‌ಬಾಲಿನ ಭೀಮ’ ಅಂತ ಜನ ಅವನನ್ನು ಬೆರಗಿನಿಂದ ನೋಡುತ್ತಿದ್ದರು. ಅಂಥವನು ಒಬ್ಬನೇ ಕಂಡದ್ದರಿಂದಲೇ ತಾನೇ ಅಷ್ಟು ಬೆರಗು?

ಅಜ್ಜನ ಎತ್ತಿನ ಲೆಕ್ಕ

ಇಷ್ಟು ಹೊತ್ತೂ ಮೂಲೆಯಲ್ಲಿ ಒಬ್ಬ ಅಜ್ಜ ಇಡ್ಲಿ ತಿನ್ನುತ್ತ ಕೂತಿದ್ದ. ಅಜ್ಜಂಪುರದ ಕಡೆಯವನು. ಕೈ ತೊಳೆದು ಬಂದು ಒಂದೇ ಮಾತು ಕೇಳಿದ: "ಅಪ್ಪಯ್ಯ, ಅಮೃತಮಹಲ್ ಎತ್ತು ನೋಡಿದ್ದೀಯಾ?"

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ಆ ಕಡೆ ಎಲ್ಲರಿಗೂ ಗೊತ್ತು. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಸೈನ್ಯದ ತೋಪು, ಸಾಮಾನು ಎಳೆದ ತಳಿ. ತೆಳು ಮೈ, ಚೂಪು ಕೊಂಬು, ಗಾಳಿಯಂಥ ನಡಿಗೆ.

"ಆ ಎತ್ತು ಸೈನ್ಯದ ಜತಿಗೆ ಹಗಲೂ ರಾತ್ರಿ ನಡೀತಿತ್ತು. ಅದನ್ನ ಕೆಸರುಗದ್ದೇಲಿ ಹೂತಿರೋ ಬಂಡಿಗೆ ಕಟ್ಟಿದ್ರೆ ಕೋಣ ಅದಕ್ಕಿಂತ ಚೆಂದ ಎಳೀತದೆ. ಕೋಣನ್ನ ಸೈನ್ಯದ ಜತಿಗೆ ಓಡ್ಸಿದ್ರೆ ಎರಡು ಮೈಲಿಗೆ ಮಲಗ್ತದೆ. ಯಾವ್ದು ಬಲ, ಯಾವ್ದು ಅಲ್ಲ? ಹೊಡೆಯೋನಿಗೆ ಬುದ್ಧಿ ಇರಬೇಕು ಅಷ್ಟೆ" ಎಂದು ಅಜ್ಜ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಹುಡುಗರು ಸುಮ್ಮನಾದರು. ಅಳಿಯ ಮಾತ್ರ ಬಿಡಲಿಲ್ಲ. "ಹಾಗಾದ್ರೆ ಯಾವುದರಲ್ಲೂ ಗೆಲ್ಲಲ್ವಾ ಮಾವ?"

ಹಾಗೇನಿಲ್ಲ. ಹಗ್ಗ ಕಟ್ಟಿ ಗಾಡಿ ಎಳೆಯುವ ಸ್ಪರ್ಧೆಯಲ್ಲಿ ತೊಡೆಯ ಬಲ ಬೇಕು, ಫುಟ್‌ಬಾಲಿನವನಿಗೆ ಅದಿದೆ. ಹಗುರ ಗಾಡಿಯಾದರೆ ಮಾನ ಉಳಿಸಿಕೊಳ್ಳುತ್ತಾನೆ. ಮೂಟೆಗಳನ್ನು ಒಂದೊಂದಾಗಿ ಎತ್ತಿ ಓಡಿ ಗಾಡಿಗೆ ತುಂಬುವ ಸ್ಪರ್ಧೆಯಲ್ಲಿ, ಮೂಟೆ ಸಣ್ಣದಾದರೆ, ದೈತ್ಯರನ್ನೂ ಹಿಂದೆ ಹಾಕಬಲ್ಲ. ದೈತ್ಯನಿಗೆ ಮೂರನೆಯ ಸುತ್ತಿಗೇ ಏದುಸಿರು! ಆದರೆ ಮರದ ದಿಮ್ಮಿಯನ್ನು ತಲೆಯ ಮೇಲೆ ಎತ್ತುವುದಕ್ಕೆ ಹೆಗಲು ಬೇಕು. ಎರಡೂ ಕೈಯಲ್ಲಿ ನೂರು ನೂರು ಕಿಲೋ ಹಿಡಿದು, ನಮ್ಮ ಹೆಂಗಸರು ಎರಡು ಕೊಡ ಹಿಡಿದು ನಡೆಯುವ ಹಾಗೆ, ಓಡುವುದಕ್ಕೆ ಮುಷ್ಟಿ ಬೇಕು. ಫುಟ್‌ಬಾಲಿನಲ್ಲಿ ಕೈ ಬಳಸಿದರೆ ಫೌಲ್ ತಾನೇ? ಹತ್ತು ವರ್ಷ ಕೈಗೆ ಕೆಲಸ ಕೊಡದವನು ಹನ್ನೊಂದನೆಯ ವರ್ಷ ಕೈಯನ್ನು ಬೇಡಿದರೆ ಅದು ಎಲ್ಲಿಂದ ಕೊಟ್ಟೀತು? ಗೋಲ್ ಕೀಪರನೋ, ಹಿಂದೆ ನಿಲ್ಲುವ ಎತ್ತರದ ಬ್ಯಾಕೋ ಸ್ವಲ್ಪ ವಾಸಿ.

ಕೊನೆಗೆ ಗುಂಡು. ಅದು ಎಲ್ಲಕ್ಕಿಂತ ಖದೀಮ. ಹಿಡಿ ಇಲ್ಲ, ಮೂಲೆ ಇಲ್ಲ, ಹೆಣ ಭಾರ. ಮೊದಲು ತಬ್ಬಿ ತೊಡೆಗೆ ತಂದುಕೊಳ್ಳಬೇಕು. ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ. ವರ್ಷಗಟ್ಟಲೆ ಸಣ್ಣ ಕಲ್ಲಿನಿಂದ ದೊಡ್ಡ ಕಲ್ಲಿಗೆ ಬಂದವರು. ಮಾಂಸಖಂಡ ತಿಂಗಳುಗಳಲ್ಲಿ ಬೆಳೆದೀತು, ನರ-ಕೀಲು ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಕಾಲಿಗೆ ಶಕ್ತಿ ಇದ್ದವನು ಆ ಧೈರ್ಯದಲ್ಲಿ ಹೋಗಿ ಎಳೆಯುತ್ತಾನೆ. ಕಾಲು ಏಳುತ್ತದೆ, ಬೆನ್ನು ಏಳುವುದಿಲ್ಲ.

ಅದು ನನಗೆ ಹೇಗೆ ಗೊತ್ತು ಅಂತೀರಾ?

ನನ್ನ ಬಾಜಿ

ಹುಡುಗರಿಗೆ ಹೇಳದ ಮಾತನ್ನು ಆ ದಿನ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನೂ ಆಡುತ್ತಿದ್ದೆ. ಕಾಲೇಜು ತಂಡದಲ್ಲಿ ಲೆಫ್ಟ್ ಬ್ಯಾಕು. ಜಿಲ್ಲಾ ಮಟ್ಟದ ಒಂದು ಪಂದ್ಯಕ್ಕೆ ಆಯ್ಕೆಯಾಗಿದ್ದೆ. ತಲೆ ನೆಲದ ಮೇಲೆ ಇರಲಿಲ್ಲ. ಒಂದು ಮಧ್ಯಾಹ್ನ ಗೆಳೆಯರ ಜೊತೆ ಮಂಡಿ ಬೀದಿಯಲ್ಲಿ ಹೋಗುವಾಗ ಒಬ್ಬ ಹಮಾಲಿ ಲಾರಿಯಿಂದ ಕ್ವಿಂಟಾಲ್ ಮೂಟೆ ಹೊತ್ತು ಇಳಿಸುತ್ತಿದ್ದ. ಬಡಕಲು ಆಳು. ನನ್ನ ಅರ್ಧ ತೊಡೆ ಅವನದು. "ಇವನೇ ಹೊರೋದಾದ್ರೆ ನಾನು ಎರಡು ಹೊರ್ತೀನಿ" ಅಂದುಬಿಟ್ಟೆ. ಗೆಳೆಯರು ಬಾಜಿ ಕಟ್ಟಿದರು. ಎರಡಲ್ಲ, ಒಂದೇ ಮೂಟೆ. ನೆಲದಿಂದ ಎತ್ತಬೇಕು, ಅಷ್ಟೇ.

ಬಗ್ಗಿದೆ. ಎಳೆದೆ. ಮೂಟೆ ಒಂದು ಗೇಣು ಎದ್ದಿತು. ಸೊಂಟದಲ್ಲಿ ಏನೋ ‘ಚಟ್’ ಅಂದಿತು. ಆಮೇಲೆ ನೆನಪಿರುವುದು ಮುಖಕ್ಕೆ ತಾಗಿದ ಗೋಣಿಯ ವಾಸನೆ ಮಾತ್ರ.

ನನ್ನನ್ನು ಎತ್ತಿ ಜಟಕಾದಲ್ಲಿ ಮಲಗಿಸಿದವನು ಅದೇ ಹಮಾಲಿ. ಮೂಟೆಯ ಹಾಗೇ ಹೆಗಲ ಮೇಲೆ ಹಾಕಿಕೊಂಡು ಹೋದ! ದಾರಿಯಲ್ಲಿ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬೆನ್ನಲ್ಲಿ ಎತ್ತಬಾರದು ಸ್ವಾಮಿ. ಕುಕ್ಕರಗಾಲಲ್ಲಿ ಕೂರಬೇಕು, ಮೂಟೇನ ಹೆಂಡ್ರ ಹಾಗೆ ಮೈಗೆ ಒತ್ಕೋಬೇಕು, ಕಾಲಲ್ಲಿ ಏಳಬೇಕು. ನಂಗೂ ಇದು ಕಲಿಯಾಕೆ ಎರಡು ವರ್ಷ ಆತು. ನಮ್ಮಪ್ಪ ಮೊದಲು ಹೊಟ್ಟಿನ ಮೂಟೆ ಹೊರಿಸ್ತಿದ್ದ."

ಮೂರು ತಿಂಗಳು ಚಾಪೆ ಹಿಡಿದೆ. ಜಿಲ್ಲಾ ಪಂದ್ಯ ಹೋಯಿತು. ಮತ್ತೆ ಯಾವತ್ತೂ ಆಡಲಿಲ್ಲ. ಮಲಗಿದ್ದಲ್ಲೇ ಸಿನಿಮಾ ಪತ್ರಿಕೆಗಳನ್ನು ಓದಿ ಓದಿ ಈ ಕಸುಬಿಗೆ ಬಿದ್ದೆ. ನೀವು ನನ್ನನ್ನು ಓದುತ್ತಿರುವುದಕ್ಕೆ ಕಾರಣ ಆ ಮೂಟೆಯೇ, ಇನ್ನು ಬೈಯುವುದಿದ್ದರೆ ಅದನ್ನೇ ಬೈಯಿರಿ!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹದಿನೈದು ವರ್ಷದ ಮೇಲೆ ಅದೇ ಮಂಡಿ ಬೀದಿಯಲ್ಲಿ ಅವನನ್ನು ಕಂಡೆ. ಐವತ್ತು ದಾಟಿರಲಿಲ್ಲ. ಎರಡೂ ಮೊಣಕಾಲು ಹೊರಕ್ಕೆ ಬಾಗಿದ್ದವು. ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದ. ಕೂಲಿಯ ಕೆಲಸ ಬಿಟ್ಟು ಮಳಿಗೆಯ ಮುಂದೆ ಕಾವಲು ಕೂತಿದ್ದ. "ಈಗ ಚೆಂಡು ಆಡ್ತೀರಾ ಸ್ವಾಮಿ?" ಅಂತ ನನ್ನನ್ನೇ ವಿಚಾರಿಸಿದ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಂದು ಶಿಫಾರಸು ಮಾಡಿದೆ. ಒಬ್ಬ ಗಂಡಾಳು ಕೈಯಿಂದ ಹೊರುವ ಭಾರ 55 ಕಿಲೋ ಮೀರಬಾರದು ಅಂತ. ಅವನು ಅದರ ಹೆಚ್ಚುಕಮ್ಮಿ ಎರಡರಷ್ಟನ್ನು ದಿನಕ್ಕೆ ಎಷ್ಟು ಸಲ ಹೊತ್ತನೋ. ಬಲಶಾಲಿ ಸ್ಪರ್ಧೆಯಲ್ಲಿ ಒಂದೊಂದು ಸುತ್ತು ಒಂದು ನಿಮಿಷದ ಆಸುಪಾಸು. ಸುತ್ತು ಮುಗಿದರೆ ಟವೆಲ್ಲು, ನೀರು, ಚಪ್ಪಾಳೆ. ಅವನ ಸುತ್ತು ಬೆಳಗ್ಗೆ ಲಾರಿ ಬಂದಾಗ ಶುರುವಾದರೆ ಲಾರಿ ಹೋಗುವವರೆಗೆ. ಶಿಳ್ಳೆ ಹಾಕಿದವರು ಯಾರೂ ಇರಲಿಲ್ಲ, ಲಾರಿ ಕ್ಲೀನರನ ಬಿಟ್ಟು.

ಗೆದ್ದವರೂ ಸುಮ್ಮನೆ ಗೆದ್ದಿಲ್ಲ. 2016ರಲ್ಲಿ ಇಂಗ್ಲೆಂಡಿನ ಎಡ್ಡಿ ಹಾಲ್ 500 ಕಿಲೋ ಎತ್ತಿದಾಗ ಮೂಗಿನಿಂದ ರಕ್ತ ಸುರಿದು ಕುಸಿದುಬಿದ್ದ. ನಾಲ್ಕು ಸಲ ಪಟ್ಟ ಗೆದ್ದಿದ್ದ ಐಸ್‌ಲ್ಯಾಂಡಿನ ಯೋನ್ ಪಾಲ್ ಸಿಗ್‌ಮಾರ್ಸನ್ 1993ರಲ್ಲಿ, ಭಾರ ಎತ್ತುತ್ತಿದ್ದಾಗಲೇ, ತನ್ನ ಜಿಮ್ಮಿನಲ್ಲೇ ಪ್ರಾಣ ಬಿಟ್ಟ. ವಯಸ್ಸು 32.

ಇಷ್ಟು ಹೇಳಿ ದೋಸೆ ಕಡೆ ತಿರುಗಿದೆ. ಅದು ಆರಿ ಚಪ್ಪಲಿಯಾಗಿತ್ತು.

ಗುಡಿಯ ಮುಂದೆ

ಬೆಳಗ್ಗೆ ಎಲ್ಲರೂ ಹೋದೆವು. ಬಾಜಿ ಬಾಜಿಯೇ! ಅಳಿಯ ಬೂಟು ಬಿಚ್ಚಿ ಗುಂಡಿನ ಸುತ್ತ ಎರಡು ಸಲ ಸುತ್ತಿದ. ಹಳ್ಳಿಯ ನಾಲ್ಕಾರು ಜನ, ಒಂದಷ್ಟು ಮಕ್ಕಳು, ಎರಡು ನಾಯಿ ಸೇರಿದ್ದರು. ನನ್ನ ತಂಗಿಗೆ ಸುದ್ದಿ ಮುಟ್ಟಿರಲಿಲ್ಲ, ಪುಣ್ಯ.

ಗುಡಿ ಕಟ್ಟೆಯ ಮೇಲೆ ಕೂತಿದ್ದ ಹಳೆಯ ಪೈಲ್ವಾನರೊಬ್ಬರು ಇವನ ಮೈ ನೋಡಿದರು. "ಎಷ್ಟು ದಿನದಿಂದ ಎತ್ತೀಯಪ್ಪ?" ಅಂದರು.

"ಇವತ್ತೇ ಮೊದಲು ಸಾರ್."

"ಹಾಗಾದ್ರೆ ಅದು ಬ್ಯಾಡ, ಇದು" ಎಂದು ಪಕ್ಕದ ಸಣ್ಣ ಗುಂಡು ತೋರಿಸಿದರು. ದೊಡ್ಡದರ ಅರ್ಧವೂ ಇಲ್ಲ. ಸೈಕಲ್ ಶಾಪಿನವನು ಕಿಸಕ್ಕನೆ ನಕ್ಕ. ಅಳಿಯನ ಕಿವಿ ಕೆಂಪಾಯಿತು. ಒಂದು ಕ್ಷಣ ದೊಡ್ಡದರ ಕಡೆಯೇ ಹೆಜ್ಜೆ ಇಟ್ಟ. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಅವನು ನನ್ನ ಕೈ ನೋಡಿದ. ಏನನ್ನಿಸಿತೋ, ತಿರುಗಿ ಸಣ್ಣ ಗುಂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ತಬ್ಬಿದ. ಬೆನ್ನು ನೆಟ್ಟಗೆ. ತೊಡೆಗೆ ಬಂತು. ಎದೆಗೆ ತರಲು ಹೋದ, ಕೈ ಜಾರಿತು. ಇನ್ನೊಂದು ಸಲ. ಮತ್ತೆ ಜಾರಿತು. ಮೂರನೆಯ ಸಲ ಎದೆಯವರೆಗೆ ತಂದು ನಿಂತ. ತೋಳು ಗಡಗಡ ನಡುಗುತ್ತಿತ್ತು. ಹೆಗಲಿಗೆ ಏರಲಿಲ್ಲ. ಮೆಲ್ಲಗೆ ನೆಲಕ್ಕಿಟ್ಟ.

"ಕಾಲು ಚೆನ್ನಾಗಿದೆ. ಕೈ ಮಗು" ಅಂದರು ಪೈಲ್ವಾನರು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಮೂವತ್ತು ವರ್ಷದಲ್ಲಿ ಬರೆದಿಲ್ಲ.

ಬಿರಿಯಾನಿಗೆ ಅಳಿಯನೇ ದುಡ್ಡು ಕೊಟ್ಟ. ಅರ್ಧ ನಾನು ಹಾಕಿದೆ, ಅವರಮ್ಮನಿಗೆ ಹೇಳಬೇಡಿ. ಸಾಯಂಕಾಲ ರೈಲು ಹತ್ತಿಸಲು ಸ್ಟೇಷನ್ನಿಗೆ ಹೋದೆವು. ಪ್ಲಾಟ್‌ಫಾರಂ ಮೇಲೆ ಒಬ್ಬ ಕೂಲಿ ತಲೆಯ ಮೇಲೆ ಎರಡು ಟ್ರಂಕು, ಕಂಕುಳಲ್ಲಿ ಒಂದು ಗಂಟು ಹೊತ್ತು ಬರುತ್ತಿದ್ದ. ಅಳಿಯ ಸರಿದು ದಾರಿ ಬಿಟ್ಟ. ಅವನು ದಾಟಿ ಹೋಗುವವರೆಗೂ ಅವನ ಕಾಲನ್ನೇ ನೋಡುತ್ತ ನಿಂತ.

"ಮಾವ, ಇವರಿಗೆ ಎಷ್ಟು ಸಿಗುತ್ತೆ?" ಅಂದ.

ಅಷ್ಟರಲ್ಲಿ ರೈಲು ಬಂತು. ಅವನ ಆಯ್ಕೆ ಏನಾಯಿತು ಅಂತ ತಿಳಿದ ಕೂಡಲೇ ಬರೆಯುತ್ತೇನೆ. ಹರಕೆ ಹೊತ್ತವಳು ನನ್ನ ತಂಗಿ, ಆದರೆ ಉಸಿರು ಬಿಗಿಹಿಡಿದು ಕೂತವನು ನಾನು. ಮುಂದಿನ ವಾರ ಗಾಂಧಿನಗರದ ಗಂಟು ಬಿಚ್ಚೋಣ. ಅಲ್ಲಿಯವರೆಗೆ ನಮಸ್ಕಾರ. ಬಸ್ಸಿನ ಟಾಪಿಗೆ ನಿಮ್ಮ ಗಂಟು ಏರಿಸಿದ ಹುಡುಗನಿಗೆ ಎರಡು ರೂಪಾಯಿ ಹೆಚ್ಚೇ ಕೊಡಿ. ಚೌಕಾಸಿ ಬೇಡ.